ಸತ್ತ ಎಂಜಿನ್ನಿನ ತೇರು

ರೈಲ್ವೆ ಕೆಲಸಗಾರರ ಬಾಯಲ್ಲಿ ‘ಡೆಡ್ ಎಂಜಿನ್’ ಅಂತ ಒಂದು ಮಾತಿದೆ. ತನ್ನ ಬಲದಿಂದ ತಾನು ಉರುಳಲಾರದ, ಇನ್ನೊಂದು ಎಂಜಿನ್ನಿಗೆ ಕೊಂಡಿ ಹಾಕಿಸಿಕೊಂಡು ಹೋಗುವ ಎಂಜಿನ್ನಿಗೆ ಆ ಹೆಸರು. 2014ರಲ್ಲಿ ಅಮೆರಿಕದ ಬೇರೆ ಬೇರೆ ರಾಜ್ಯಗಳ ಮ್ಯೂಸಿಯಮ್ಮುಗಳಿಂದ ಹಳೆಯ ಡೀಸೆಲ್ ಎಂಜಿನ್ನುಗಳು, ಕೆಲವು ಸತ್ತವು, ಕೆಲವು ಇನ್ನೂ ಜೀವ ಹಿಡಿದವು, ನಾರ್ತ್ ಕೆರೊಲಿನಾದ ಸ್ಪೆನ್ಸರ್ ಎಂಬ ಸಣ್ಣ ಊರಿನ ಕಡೆ ಹೊರಟವು. ಮೇ 29ರಿಂದ ಜೂನ್ 1ರವರೆಗೆ ನಾಲ್ಕು ದಿನ ಅಲ್ಲಿ ಜಾತ್ರೆ. ಟಿಕೆಟ್ಟು ಕೊಂಡ ಜನ ದೇಶದ ಎಲ್ಲ ಕಡೆಯಿಂದ ಬಂದರು. ದುಂಡು ಲೋಕೋಶೆಡ್ಡಿನ ಮುಂದೆ, ಟರ್ನ್‌ಟೇಬಲ್ಲಿನ ಸುತ್ತ, ಎಂಜಿನ್ನುಗಳನ್ನು ದೇವರ ಮೂರ್ತಿಗಳ ಹಾಗೆ ಮುಖ ಒಳಗೆ ಮಾಡಿ ನಿಲ್ಲಿಸಿದರು. ರಾತ್ರಿ ದೀಪ ಹಾಕಿ ಫೋಟೋ ತೆಗೆದರು.

ಚೆಂದವಾಗಿಯೇ ಇದ್ದವು, ಸುಳ್ಳು ಯಾಕೆ ಹೇಳಬೇಕು. 1930ರಿಂದ 50ರ ತನಕ ಅಮೆರಿಕದ ರೈಲ್ವೆ ಕಂಪನಿಗಳು ಕಾರಿಗೂ ವಿಮಾನಕ್ಕೂ ಹೆದರಿ, ಪ್ರಯಾಣಿಕರನ್ನು ಹಿಡಿದಿಟ್ಟುಕೊಳ್ಳಲು, ಗಾಳಿ ಸೀಳುವ ಹಾಗೆ ಮೂತಿ ನುಣುಪು ಮಾಡಿದ, ಬಣ್ಣ ಬಳಿದ ರೈಲುಗಳನ್ನು ಓಡಿಸಿದವು. ಅವಕ್ಕೆ ಸ್ಟ್ರೀಮ್‌ಲೈನರ್ ಅಂತ ಹೆಸರು. ಜಾತ್ರೆಗೂ ಅದೇ ಹೆಸರು. ಇಲಿನಾಯ್ ರಾಜ್ಯದ ಮ್ಯೂಸಿಯಮ್ಮಿನಿಂದ ‘ಸಿಲ್ವರ್ ಪೈಲಟ್’ ಬಂತು. 1940ರಲ್ಲಿ ಕಟ್ಟಿದ, ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ಎಂಜಿನ್ನು. ಆ ಮಾದರಿಯಲ್ಲಿ ಉಳಿದಿರುವುದು ಅದೊಂದೇ. ಅತಿಥೇಯರ ಮನೆಯಲ್ಲೇ 501 ನಂಬರಿನದು ಇತ್ತು. ಅಟ್ಲಾಂಟಿಕ್ ಕೋಸ್ಟ್ ಲೈನ್ ಕಂಪನಿಯ 1939ರ ಎಂಜಿನ್ನು, ನೇರಳೆ ಬಣ್ಣದ್ದು. ನ್ಯೂಯಾರ್ಕಿನಿಂದ ಫ್ಲಾರಿಡಾಕ್ಕೆ ಓಡಿದ ‘ಚಾಂಪಿಯನ್’ ಎಂಬ ಗಾಡಿಗಾಗಿ ಕಟ್ಟಿದ್ದು. ಅದರ ಮಾದರಿಯಲ್ಲೂ ಉಳಿದದ್ದು ಅದೊಂದೇ.

ಇಂಥ ಮುದಿ ಎಂಜಿನ್ನನ್ನು ಒಂದೂರಿಂದ ಒಂದೂರಿಗೆ ಸಾಗಿಸುವುದು ಹುಡುಗಾಟವಲ್ಲ. ಹಳಿಯ ಮಾಲೀಕ ಕಂಪನಿ ಮೊದಲು ಒಪ್ಪಬೇಕು. ಅಚ್ಚು, ಗಾಲಿ, ಬ್ರೇಕು, ಕೊಂಡಿ ಎಲ್ಲ ತಪಾಸಣೆಯಾಗಬೇಕು. ಹಳೆಯ ಕಾಲದ ಸಾದಾ ಬೇರಿಂಗು ಇದ್ದರೆ ದೊಡ್ಡ ಕಂಪನಿಗಳು ತಮ್ಮ ಹಳಿಗೆ ಬಿಟ್ಟುಕೊಳ್ಳುವುದೇ ಕಷ್ಟ. ನೀರು ಬಸಿಯಬೇಕು. ಗಾಲಿಗೆ ಜೋಡಿಸಿದ ವಿದ್ಯುತ್ ಮೋಟಾರುಗಳು ದಾರಿಯಲ್ಲಿ ಸುಮ್ಮನೆ ತಿರುಗಿ ಕೆಡದಂತೆ ಅವುಗಳ ಬ್ರಷ್ಷು ಬಿಚ್ಚುವುದೋ, ಹಲ್ಲುಚಕ್ರ ಕಳಚುವುದೋ ಮಾಡುತ್ತಾರೆ. ಎಳೆಯುವ ಎಂಜಿನ್ನಿನ ಗಾಳಿಯೇ ಸತ್ತ ಎಂಜಿನ್ನಿನ ಬ್ರೇಕಿಗೂ ತುಂಬುವಂತೆ ಒಂದು ತಿರುಪು ತಿರುಗಿಸುತ್ತಾರೆ. ಜೊತೆಗೆ ಒಬ್ಬ ಕಾವಲಿನವನು. ಗಾಡಿ ನಿಂತಲ್ಲೆಲ್ಲ ಇಳಿದು ಬೇರಿಂಗು ಕಾದಿದೆಯಾ ಅಂತ ಮುಟ್ಟಿ ನೋಡುವುದು ಅವನ ಕೆಲಸ. ಮೇಲೆ ವಿಮೆ. ಒಂದು ಯಂತ್ರಕ್ಕೆ ಇಷ್ಟು ಆರೈಕೆ. ಕಾಯಿಲೆಯ ಹಿರಿಯನನ್ನು ಮೊಮ್ಮಗನ ಮದುವೆಗೆ ಕರೆದೊಯ್ಯುವಾಗಲೂ ಇಷ್ಟು ಮಾಡುತ್ತೇವೋ ಇಲ್ಲವೋ.

‘ಅಮೆರಿಕದ ಎಂಜಿನ್ ಜಾತ್ರೆ ಕಟ್ಟಿಕೊಂಡು ನಮಗೇನಪ್ಪ?’ ಅಂತ ನೀವು ಕೇಳಬಹುದು. ಕೇಳಬೇಕು. ನಮ್ಮ ಊರುಗಳಲ್ಲಿ ತೇರು ಎಳೆಯುತ್ತಾರೆ. ತೇರಿನ ದಾರಿಯ ಕಲ್ಲುಮುಳ್ಳು ಆರಿಸಿದವರು ಯಾರು, ತಮಟೆ ಬಡಿದವರು ಯಾರು, ಹಗ್ಗ ಮುಟ್ಟಬಾರದೆಂದು ದೂರ ನಿಲ್ಲಿಸಿದ್ದು ಯಾರನ್ನು ಎಂಬುದು ನಮಗೆ ಯಾರೂ ಪುಸ್ತಕ ಓದಿ ಹೇಳಬೇಕಾಗಿಲ್ಲ. ಆ ಕಣ್ಣಿನಿಂದಲೇ ಸ್ಪೆನ್ಸರಿನ ಜಾತ್ರೆಯನ್ನೂ ನೋಡಬೇಕು ಅನ್ನಿಸಿತು. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರು 1946ರಲ್ಲಿ ಅಲ್ಲಿನ ಕರಿಯರ ನಾಯಕ ಡುಬಾಯ್ಸ್‌ಗೆ ಕಾಗದ ಬರೆದು ಇಬ್ಬರ ಸ್ಥಿತಿಯೂ ಒಂದೇ ಥರ ಅಂದಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ‘ಪ್ಯಾಂಥರ್’ ಎಂಬ ಹೆಸರು ತಂದದ್ದೂ ಅಲ್ಲಿಂದಲೇ. ಹಾಗಾಗಿ ಅಲ್ಲಿನ ಹಳಿಯ ಕಥೆ ಪೂರ್ತಿ ಪರರ ಕಥೆಯಲ್ಲ.

ಸ್ಪೆನ್ಸರ್ ಎಂಬುದು ಊರಿಗಿಂತ ಮೊದಲು ಒಂದು ಕಾರ್ಖಾನೆ. ಸದರ್ನ್ ರೈಲ್ವೆ ಕಂಪನಿ ವಾಷಿಂಗ್ಟನ್ನಿಗೂ ಅಟ್ಲಾಂಟಾಕ್ಕೂ ನಡುವೆ, ಉಗಿ ಎಂಜಿನ್ನುಗಳ ರಿಪೇರಿಗಾಗಿ, 1896ರಲ್ಲಿ ಅದನ್ನು ಹಾಕಿತು. ಕಂಪನಿಯ ಮೊದಲ ಅಧ್ಯಕ್ಷನ ಹೆಸರನ್ನೇ ಇಟ್ಟಿತು. ಸಾವಿರಾರು ಜನ ದುಡಿದರು. ಜಾತ್ರೆ ನಡೆದ ದುಂಡು ಶೆಡ್ಡು 1924ರದು, ಅದರಲ್ಲಿ 37 ಅಂಕಣ. ಹಳಿಗಳ ಈಚೆಗೆ ಸ್ಪೆನ್ಸರ್, ಆಚೆಗೆ ಈಸ್ಟ್ ಸ್ಪೆನ್ಸರ್. ಆಚೆಯದು ಬಹುಪಾಲು ಕರಿಯರ ಊರು. ಊರು ಮತ್ತು ಕೇರಿ ಅಂತ ನಾವು ಅನ್ನುವುದನ್ನು ಅಲ್ಲಿ ಹಳಿಯೇ ಗೆರೆ ಎಳೆದು ತೋರಿಸುತ್ತೆ.

ಆ 1896ನೇ ಇಸವಿಯನ್ನು ಸ್ವಲ್ಪ ಗುರುತು ಇಟ್ಟುಕೊಳ್ಳಿ. ಅದೇ ವರ್ಷ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟು ಪ್ಲೆಸಿ ಮೊಕದ್ದಮೆಯ ತೀರ್ಪು ಕೊಟ್ಟಿತು. ಲೂಯಿಸಿಯಾನಾದಲ್ಲಿ ಹೋಮರ್ ಪ್ಲೆಸಿ 1892ರಲ್ಲಿ ಬಿಳಿಯರ ಬೋಗಿಯಲ್ಲಿ ಕೂತು, ಏಳಲ್ಲ ಅಂದು, ಬೇಕೆಂದೇ ಬಂಧನಕ್ಕೆ ಒಳಗಾಗಿದ್ದ. ಬೇರೆ ಬೇರೆ ಕೂರಿಸಿದರೂ ಸಮಾನತೆಗೆ ಭಂಗವಿಲ್ಲ ಎಂದಿತು ಕೋರ್ಟು. ಅಲ್ಲಿಂದ ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಬೋಗಿಯನ್ನು ಸಾಮಾನ್ಯವಾಗಿ ಎಂಜಿನ್ನಿನ ಬೆನ್ನಿಗೇ ಹಾಕುತ್ತಿದ್ದರು. ಹೊಗೆ, ಕಿಡಿ, ಮಸಿ ಮೊದಲು ಅವರಿಗೆ. ಗುದ್ದಿದರೆ ಮೊದಲು ಸಾಯುವವರೂ ಅವರೇ.

ಇನ್ನೂ ಹಿಂದಕ್ಕೆ ಹೋದರೆ ಎಂಜಿನ್ ಸಾಗಾಟದ ಇನ್ನೊಂದು ಕಥೆ ಇದೆ. ನನ್ನನ್ನು ಈ ಲೇಖನಕ್ಕೆ ಎಳೆದು ತಂದದ್ದು ಅದೇ. ಸ್ಪೆನ್ಸರಿನ ಪಕ್ಕದ ಊರು ಸಾಲಿಸ್‌ಬರಿ. ಅಲ್ಲಿಂದ ಪಡುವಣ ಬೆಟ್ಟಗಳ ಕಡೆಗೆ ವೆಸ್ಟರ್ನ್ ನಾರ್ತ್ ಕೆರೊಲಿನಾ ರೈಲುಹಾದಿ ಹೋಗುತ್ತದೆ. ಮುಂದೆ ಅದೂ ಸದರ್ನ್ ಕಂಪನಿಯ ಹೊಟ್ಟೆಗೆ ಸೇರಿತು. 1865ರಲ್ಲಿ ಗುಲಾಮಗಿರಿ ಹೋಯಿತಲ್ಲ, ಬೆಟ್ಟ ಕಡಿಯುವುದಕ್ಕೆ ಬಿಟ್ಟಿ ಕೈಗಳು ಎಲ್ಲಿಂದ? ಸರ್ಕಾರ ಜೈಲಿನ ಬಾಗಿಲು ತೆರೆಯಿತು, ಹಳಿಯ ಕಡೆಗೆ. ಅಲೆಮಾರಿತನ, ಚಿಲ್ಲರೆ ಕಳ್ಳತನ, ಇಂಥ ನೆಪಗಳಲ್ಲಿ ಹಿಡಿದು ತಂದ ಕೈದಿಗಳು, ಹೆಚ್ಚುಕಮ್ಮಿ ಎಲ್ಲರೂ ಕರಿಯರು, ಹೆಂಗಸರೂ ಗಂಡಸರೂ. ಸರಪಳಿ ಬಿಚ್ಚಲಿಲ್ಲ, ಹೆಸರು ಬದಲಾಯಿತು ಅಷ್ಟೆ.

ಬೆಟ್ಟದ ನೆತ್ತಿಯಲ್ಲಿ ಸ್ವಾನನೋವಾ ಸುರಂಗ ಕೊರೆಯಬೇಕಿತ್ತು. ಎರಡೂ ಬದಿಯಿಂದ ಕೊರೆದರೆ ಬೇಗ ಮುಗಿಯುತ್ತದೆ. ಆದರೆ ಆಚೆ ಬದಿಗೆ ಎಂಜಿನ್ನು ಬೇಕು, ಹಳಿ ಇರುವುದು ಈಚೆಗೆ ಮಾತ್ರ. ಆಗ ‘ಸಾಲಿಸ್‌ಬರಿ’ ಎಂಬ ಹೆಸರಿನ ಎಂಜಿನ್ನನ್ನು, ಹದಿನೇಳು ಟನ್ನಿನದು ಅನ್ನುತ್ತಾರೆ, ಬೆಟ್ಟ ಹತ್ತಿಸಿದರು. ಹೇಗೆ? ಗಾಡಿದಾರಿಯ ಮೇಲೆ ಒಂದಿಷ್ಟು ದೂರ ಹಳಿ ಹಾಸುವುದು. ಎತ್ತುಗಳೂ ಮನುಷ್ಯರೂ ಹಗ್ಗ ಹಿಡಿದು ಎಂಜಿನ್ನನ್ನು ಅಷ್ಟು ದೂರ ಎಳೆಯುವುದು. ಹಿಂದಿನ ಹಳಿ ಕಿತ್ತು ಹೊತ್ತು ತಂದು ಮುಂದೆ ಹಾಸುವುದು. ಮತ್ತೆ ಎಳೆಯುವುದು. ಹೀಗೆ ಮೊಳ ಮೊಳ ಅಳೆದ ಹಾಗೆ ಇಡೀ ಬೆಟ್ಟ. ಆ ಎಂಜಿನ್ನಿನ ಬೇರಿಂಗು ಕಾದಿತ್ತೋ ಇಲ್ಲವೋ, ಹಗ್ಗ ಹಿಡಿದ ಅಂಗೈಗಳು ಕಾದಿದ್ದು ನನಗೆ ಗೊತ್ತು. 1879ರ ಮಾರ್ಚಿಯಲ್ಲಿ ಸುರಂಗದ ಎರಡು ಬಾಯಿ ಕೂಡಿದವು. ಆ ಹಾದಿಯಲ್ಲಿ ನೂರಕ್ಕೂ ಹೆಚ್ಚು ಕೈದಿಗಳು ಸತ್ತರು. ಕುಸಿತಕ್ಕೆ, ಸಿಡಿತಕ್ಕೆ, ಕಾಯಿಲೆಗೆ, ಓಡಿಹೋಗುವಾಗ ಗುಂಡಿಗೆ. ಬಹಳಷ್ಟು ಜನರನ್ನು ಹಳಿಯ ಪಕ್ಕದಲ್ಲೇ ಗುರುತಿಲ್ಲದೆ ಹುಗಿದರು. ಇನ್ನೂ ಮುಂದೆ, 1882ರ ಡಿಸೆಂಬರಿನಲ್ಲಿ, ಕೌವೀ ಸುರಂಗದ ಕೆಲಸಕ್ಕೆ ಹೊಳೆ ದಾಟಿಸುವಾಗ ದೋಣಿ ಮಗುಚಿ ಹತ್ತೊಂಬತ್ತು ಕೈದಿಗಳು ಮುಳುಗಿದರು. ಕಾಲಿಗೆ ಕಬ್ಬಿಣ ಇದ್ದವರು ಈಜುವುದು ಹೇಗೆ? ಸುರಂಗದ ಹಾದಿಯಲ್ಲಿ ಸತ್ತವರಿಗೆ ಒಂದು ಕಲ್ಲು ನೆಟ್ಟದ್ದು 2021ರಲ್ಲಿ.

ಹಳಿ ಹಾಕಿದ ಮೇಲೆ ಗಾಡಿ ಓಡಬೇಕು. ಉಗಿ ಎಂಜಿನ್ನಿನಲ್ಲಿ ಇಬ್ಬರು. ಬಲಗಡೆ ಡ್ರೈವರು, ಎಡಗಡೆ ಫೈರ್‌ಮನ್. ಫೈರ್‌ಮನ್ ಕೆಲಸ ಏನು ಅಂತ ನಮ್ಮ ಹಳೆಯ ರೈಲ್ವೆ ಮನೆತನದವರನ್ನು ಕೇಳಿ. ಓಲಾಡುವ ಕಬ್ಬಿಣದ ನೆಲದ ಮೇಲೆ ಕಾಲೂರಿ, ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಬೆಂಕಿಯ ಬಾಯಿಗೆ ಹಾಕುತ್ತಾ ಇರಬೇಕು, ಊರಿಂದ ಊರಿಗೆ. ಮುಂದೆ ಉರಿ, ಬೆನ್ನಿಗೆ ಗಾಳಿ. ಅಮೆರಿಕದ ದಕ್ಷಿಣದಲ್ಲಿ ಈ ಕೆಲಸ ಕರಿಯರಿಗೆ ಸಿಕ್ಕಿತು. ಸಿಕ್ಕಿತು ಅಂದರೆ, ಬೇರೆಯವರಿಗೆ ಬೇಡವಾಗಿತ್ತು, ಮತ್ತು ಕರಿಯನಿಗೆ ಕಮ್ಮಿ ಕೂಲಿ ಕೊಟ್ಟರೆ ಸಾಕಿತ್ತು. ಬಿಳಿಯ ಫೈರ್‌ಮನ್ ನಾಲ್ಕಾರು ವರ್ಷ ಸಲಿಕೆ ಹಿಡಿದು ಡ್ರೈವರ್ ಆಗುತ್ತಿದ್ದ. ಕರಿಯ ಫೈರ್‌ಮನ್ ಮೂವತ್ತು ವರ್ಷ ಹಿಡಿದರೂ ಫೈರ್‌ಮನ್ನೇ. ಅವನ ಪಕ್ಕದಲ್ಲಿ ಕಲಿತ ಬಿಳಿಯ ಹುಡುಗ ಅವನ ಕಣ್ಣೆದುರಿಗೇ ಬಲಗಡೆಯ ಸೀಟಿಗೆ ಹೋಗಿ ಕೂರುತ್ತಿದ್ದ.

ಫೈರ್‌ಮನ್ನರದೇ ಒಂದು ಸಂಘವಿತ್ತು, 1873ರಷ್ಟು ಹಿಂದಿನದು. ಹೆಸರಿನಲ್ಲಿ ‘ಬ್ರದರ್‌ಹುಡ್’, ಭ್ರಾತೃತ್ವ. ಆದರೆ ಕರಿಯರಿಗೆ ಸದಸ್ಯತ್ವವಿಲ್ಲ ಅಂತ ಅದರ ಕಟ್ಟಳೆಯಲ್ಲೇ ಇತ್ತು. ಕಾರ್ಮಿಕರೆಲ್ಲ ಒಂದು ಎಂದು ಹೇಳುವ ಗೆಳೆಯರು ಇದನ್ನು ಓದಿ ಒಂದು ಗಳಿಗೆ ಸುಮ್ಮನಿರಬೇಕು ಅಂತ ನನ್ನಾಸೆ. 1909ರಲ್ಲಿ ಜಾರ್ಜಿಯಾದಲ್ಲಿ ಈ ಸಂಘ ಮುಷ್ಕರ ಹೂಡಿತು. ಮಾಲೀಕನ ವಿರುದ್ಧ ಅನ್ನುವುದಕ್ಕಿಂತ ಕರಿಯ ಫೈರ್‌ಮನ್ನರ ವಿರುದ್ಧ. 1918ರಲ್ಲಿ, ಯುದ್ಧದ ಕಾಲಕ್ಕೆ ರೈಲ್ವೆಗಳು ಸರ್ಕಾರದ ಕೈಲಿದ್ದಾಗ, ಕರಿಯ ಫೈರ್‌ಮನ್ನಿಗೂ ಸಮಾನ ಕೂಲಿ ಎಂಬ ಆಜ್ಞೆ ಬಂತು. ಒಳ್ಳೆಯದೇ ಆಯಿತು ಅನ್ನಿಸುತ್ತದಲ್ಲವೆ? ಆದರೆ ಅಗ್ಗದ ಕೂಲಿ ಅಂತಲೇ ಅವನನ್ನು ಇಟ್ಟುಕೊಂಡಿದ್ದ ಕಂಪನಿಗೆ ಅವನ ಮೇಲಿದ್ದ ಆಸೆ ಅಂದಿಗೆ ತೀರಿತು. 1930ರ ನಂತರದ ಹಸಿವಿನ ವರ್ಷಗಳಲ್ಲಿ ಮಿಸಿಸಿಪಿ ಕಡೆ ಕರಿಯ ಫೈರ್‌ಮನ್ನರನ್ನು ಹೊಂಚು ಹಾಕಿ ಗುಂಡಿಟ್ಟು ಕೊಂದರು. ಸತ್ತವನ ಸಲಿಕೆ ಬಿಳಿಯನಿಗೆ ಸಿಗಲಿ ಅಂತ. ಸಲಿಕೆಗಾಗಿ ಕೊಲೆ!

ಡೀಸೆಲ್ ಬಂದದ್ದು ಇಂಥ ಹೊತ್ತಿನಲ್ಲಿ.

ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿಯ ಬಾಯಿಲ್ಲ, ಕಲ್ಲಿದ್ದಲಿಲ್ಲ, ಸಲಿಕೆಯಿಲ್ಲ. ಆದರೂ 1937ರಲ್ಲಿ ಸಂಘವೂ ಕಂಪನಿಗಳೂ ಕರಾರು ಮಾಡಿಕೊಂಡವು: ಡೀಸೆಲ್ಲಿನಲ್ಲೂ ಫೈರ್‌ಮನ್ ಇರತಕ್ಕದ್ದು. ಬೆಂಕಿಯಿಲ್ಲದ ಕಡೆ ಬೆಂಕಿಯವನು. ಎಡಗಡೆಯ ಮೆತ್ತನೆ ಸೀಟಿನಲ್ಲಿ ಕೂತು ಸಿಗ್ನಲ್ ನೋಡುವುದು, ಆಗಾಗ ಹಿಂದೆ ಹೋಗಿ ಯಂತ್ರದ ಕೋಣೆ ನೋಡಿಕೊಂಡು ಬರುವುದು. ಅಂಗಿ ಮಸಿಯಾಗದ ಕೆಲಸ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೆಲಸ ‘ಮಡಿ’ಯಾಯಿತು. ಮಡಿಯಾದ ಮೇಲೆ ಮುಟ್ಟುವವರು ಬೇರೆಯಾಗಬೇಕಲ್ಲ.

1940ರ ಮಾರ್ಚಿಯಲ್ಲಿ ಸಂಘ ಆಗ್ನೇಯ ಭಾಗದ 21 ರೈಲ್ವೆ ಕಂಪನಿಗಳಿಗೆ ನೋಟೀಸು ಕೊಟ್ಟಿತು. 1941ರ ಫೆಬ್ರವರಿ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಒಂದೊಂದು ವಿಭಾಗದಲ್ಲಿ, ಒಂದೊಂದು ಬಗೆಯ ಗಾಡಿಯಲ್ಲಿ, ಅರ್ಧಕ್ಕಿಂತ ಹೆಚ್ಚು ‘ಬಡ್ತಿಗೆ ಸಲ್ಲದ’ ಫೈರ್‌ಮನ್ನರು ಇರಕೂಡದು. ಆ ಮಟ್ಟಕ್ಕೆ ಇಳಿಯುವ ತನಕ ಹೊಸ ಗಾಡಿ, ಖಾಲಿ ಜಾಗ ಎಲ್ಲ ‘ಬಡ್ತಿಗೆ ಸಲ್ಲುವವ’ರಿಗೆ. ಈಗಾಗಲೇ ಇಲ್ಲದ ಕಡೆ ಅವರನ್ನು ಸೇರಿಸುವಂತೆಯೇ ಇಲ್ಲ. ಕಾಗದದ ಉದ್ದಕ್ಕೂ ಬಣ್ಣದ ಮಾತೇ ಬೇಕಾಗಲಿಲ್ಲ, ‘ಬಡ್ತಿಗೆ ಸಲ್ಲದವರು’ ಅಂದರೆ ಸಾಕಿತ್ತು. ಬಡ್ತಿ ಕೊಡದೇ ಇದ್ದವರು ಯಾರು? ಇವರೇ. ಕೊಡದೆ ಇದ್ದು, ಆಮೇಲೆ ಅದನ್ನೇ ಅವನ ಗುಣ ಅಂತ ಬರೆದು, ಆ ಗುಣಕ್ಕಾಗಿ ಅವನನ್ನು ಇಳಿಸಿದರು. ‘ಅರ್ಹತೆ’ ಎಂಬ ಮಾತನ್ನು ಕಾಲೇಜು, ಕಚೇರಿಗಳಲ್ಲಿ ಕೇಳಿ ಕೇಳಿ ಕಿವಿ ತೂತಾದ ನಮ್ಮಂಥವರಿಗೆ ಈ ಯುಕ್ತಿ ಹೊಸದಲ್ಲ. ಉಗಿಯ ಗಾಡಿ ತೆಗೆದು ಡೀಸೆಲ್ ಹಾಕಿದಾಗಲೆಲ್ಲ ಅದು ‘ಹೊಸ ಗಾಡಿ’. ಎಂಜಿನ್ನು ಬದಲಾದ ಹಾಗೆಲ್ಲ ಕರಿಯನ ಜಾಗ ಹೋಗುತ್ತಾ ಬಂತು.

ಬೆಸ್ಟರ್ ವಿಲಿಯಂ ಸ್ಟೀಲ್ ಎಂಬಾತ ಆಲಬಾಮಾದಲ್ಲಿ ಲೂಯಿವಿಲ್-ನ್ಯಾಶ್‌ವಿಲ್ ರೈಲ್ವೆಯ ಫೈರ್‌ಮನ್. ಪ್ರಯಾಣಿಕರ ಗಾಡಿಗಳ ಅವನ ತಂಡದಲ್ಲಿ ಐವರು ಕರಿಯರು, ಒಬ್ಬ ಬಿಳಿಯ. 1941ರ ಏಪ್ರಿಲ್‌ನಲ್ಲಿ ಜಾಗಗಳೆಲ್ಲ ಖಾಲಿ ಅಂತ ಸಾರಿ, ಸೇವೆಯಲ್ಲಿ ಕಿರಿಯರಾದ ನಾಲ್ವರು ಬಿಳಿಯರನ್ನು ತಂದು ಹಾಕಿದರು. ಸ್ಟೀಲ್ ಹದಿನಾರು ದಿನ ಮನೆಯಲ್ಲಿ ಕೂತ. ಆಮೇಲೆ ಕೊಟ್ಟದ್ದು ಹೆಚ್ಚು ದುಡಿಮೆಯ, ಕಮ್ಮಿ ಸಂಬಳದ ಗೂಡ್ಸು ಗಾಡಿ. ಅದರಿಂದಲೂ ಇಳಿಸಿ ಯಾರ್ಡಿನ ಎಂಜಿನ್ನು. ಅವನು ಕೋರ್ಟಿಗೆ ಹೋದ. ವಾದಿಸಿದ್ದು ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್, ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕರಿಯ ವಕೀಲರ ಒಂದು ಪಡೆಯನ್ನೇ ತಯಾರು ಮಾಡಿದ ಮೇಷ್ಟ್ರು. ಹಳ್ಳಿಯ ಮೇಷ್ಟ್ರುಗಳು ಈ ಹೆಸರನ್ನು ನೆನಪಿಡಬೇಕು. 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಹೇಳಿತು: ಎಲ್ಲರ ಪರವಾಗಿ ಕರಾರು ಮಾಡುವ ಅಧಿಕಾರ ಪಡೆದ ಸಂಘ, ಸದಸ್ಯನಲ್ಲದವನನ್ನೂ ಬಣ್ಣ ನೋಡದೆ ನ್ಯಾಯವಾಗಿ ಪ್ರತಿನಿಧಿಸಬೇಕು. ದೊಡ್ಡ ಗೆಲುವು. ಆದರೆ ಸದಸ್ಯತ್ವ ಕೊಡಿ ಎಂದು ಕೋರ್ಟು ಹೇಳಲಿಲ್ಲ. ತೀರ್ಪಿನ ಮೇಲೂ ಕರಾರುಗಳು ಓಡುತ್ತಲೇ ಇದ್ದವು, ಅದೇ ನ್ಯಾಯಕ್ಕಾಗಿ ಕರಿಯ ಫೈರ್‌ಮನ್ನರು 1949ರಲ್ಲಿ ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅಷ್ಟರಲ್ಲಿ ಡೀಸೆಲ್ ಕಾಯುತ್ತಾ ಕೂತಿರಲಿಲ್ಲ. ಸದರ್ನ್ ಕಂಪನಿ 1953ರ ಹೊತ್ತಿಗೆ ಉಗಿಯನ್ನು ಪೂರ್ತಿ ಬಿಟ್ಟಿತು, ದೊಡ್ಡ ಕಂಪನಿಗಳಲ್ಲಿ ಮೊದಲನೆಯದಾಗಿ.

ಉಗಿ ಹೋದ ಮೇಲೆ ಉಗಿಯ ಆಸ್ಪತ್ರೆ ಯಾಕೆ? ಸ್ಪೆನ್ಸರಿನ ಕಾರ್ಖಾನೆ 1960ರಲ್ಲಿ ಮುಚ್ಚಿತು. 1977ರಲ್ಲಿ ಕಂಪನಿ ಜಾಗವನ್ನು ರಾಜ್ಯಕ್ಕೆ ಬಿಟ್ಟುಕೊಡತೊಡಗಿತು, ಅದು ಮ್ಯೂಸಿಯಮ್ಮಾಯಿತು. ತನ್ನನ್ನು ಕೊಂದ ಡೀಸೆಲ್ಲಿಗೆ ಆ ಶೆಡ್ಡು 2014ರಲ್ಲಿ ಆರತಿ ಎತ್ತಿತು ಅಂತ ನಾನು ಅಂದರೆ ಅತಿಯಾದೀತು. ಆದರೆ ಅನ್ನಬೇಕೆನ್ನಿಸುತ್ತದೆ.

ಎಂಜಿನ್ನಿನ ಹಿಂದಿನ ಬೋಗಿಗಳ ಕಥೆ ಬೇರೆಯೇ ಒಂದು ಲೇಖನ. ಸುಖನಿದ್ರೆಯ ಬೋಗಿಗಳಲ್ಲಿ ಹಾಸಿಗೆ ಹಾಸಿದ ಕರಿಯ ಪೋರ್ಟರುಗಳು, ಅವರ ಸಂಘ ಕಟ್ಟಿದ ಫಿಲಿಪ್ ರಾಂಡಾಲ್ಫ್, 1925ರಿಂದ 1937ರ ತನಕ ಹನ್ನೆರಡು ವರ್ಷ ಹೋರಾಡಿ ಗಿಟ್ಟಿಸಿದ ಕರಾರು, ಅದನ್ನೆಲ್ಲ ಇಲ್ಲಿ ಬಿಡುತ್ತೇನೆ. ಒಂದು ಘಟನೆ ಮಾತ್ರ. 1942ರ ಮೇ ತಿಂಗಳಲ್ಲಿ ಎಲ್ಮರ್ ಹೆಂಡರ್‌ಸನ್ ವಾಷಿಂಗ್ಟನ್ನಿನಲ್ಲಿ ಸದರ್ನ್ ಗಾಡಿ ಹತ್ತಿದ, ಸ್ಪೆನ್ಸರನ್ನು ಹಾದುಹೋಗುವ ಹಾದಿಯಲ್ಲಿ. ಮೊದಲ ದರ್ಜೆಯ ಟಿಕೆಟ್ಟು. ಕೆಲಸಗಳಲ್ಲಿ ಬಣ್ಣಭೇದ ನಡೆಯುತ್ತದೆಯೇ ಎಂದು ತನಿಖೆ ಮಾಡುವ ಸರ್ಕಾರಿ ಸಮಿತಿಯ ನೌಕರ ಅವನು. ಹೊರಟದ್ದೂ ಅದೇ ಕೆಲಸಕ್ಕೆ! ಊಟದ ಬೋಗಿಗೆ ಹೋದರೆ, ಕರಿಯರಿಗೆಂದು ಪರದೆ ಹಾಕಿಟ್ಟ ಅಡಿಗೆಮನೆ ಬದಿಯ ಎರಡು ಮೇಜುಗಳಲ್ಲೂ ಬಿಳಿಯರು ಕೂತಿದ್ದರು. ಒಂದು ಜಾಗ ಖಾಲಿಯಿದ್ದರೂ ಅವರ ಜೊತೆ ಅವನನ್ನು ಕೂರಿಸಲಿಲ್ಲ. ಕರೆಯುತ್ತೇವೆ ಅಂದರು, ಕರೆಯಲಿಲ್ಲ. ಅವನೂ ಕೋರ್ಟಿಗೆ ಹೋಗಿ, ಎಂಟು ವರ್ಷ ಅಲೆದು, 1950ರಲ್ಲಿ ಗೆದ್ದ. ಸಾತಾರಾದಿಂದ ತಂದೆಯನ್ನು ನೋಡಲು ಹೊರಟ ಹತ್ತು ವರ್ಷದ ಭೀಮರಾವ್ 1901ರಲ್ಲಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದು ನಿಂತದ್ದು, ಜಾತಿ ಕೇಳಿದೊಡನೆ ಸ್ಟೇಷನ್ ಮಾಸ್ತರನ ಮುಖ ಬದಲಾದದ್ದು, ದುಪ್ಪಟ್ಟು ಬಾಡಿಗೆಗೆ ಒಪ್ಪಿದ ಗಾಡಿಯವನೂ ‘ನೀವೇ ಹೊಡಕೊಳ್ಳಿ’ ಅಂದು ಪಕ್ಕದಲ್ಲಿ ನಡೆದದ್ದು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ರೈಲು ಎಲ್ಲರನ್ನೂ ಹೊರುತ್ತದೆ, ಇಳಿದ ಮೇಲೆ ಏನು ಅನ್ನುವುದು ಬೇರೆ ಮಾತು.

ಜಾತ್ರೆಗೆ ಆರು ತಿಂಗಳ ಮುಂಚೆ ಇನ್ನೊಂದು ಸಾಗಾಟ ನಡೆದಿತ್ತು. ಅದೂ ಸದರ್ನ್ ಕಂಪನಿಯದೇ, 1200 ನಂಬರಿನ ಬೋಗಿ. 1922ರಲ್ಲಿ ಕಟ್ಟಿದ್ದು, 1940ರಲ್ಲಿ ನಡುವೆ ಗೋಡೆ ಹಾಕಿ ಬಿಳಿಯರಿಗೆ ಒಂದು ಭಾಗ, ಕರಿಯರಿಗೆ ಒಂದು ಭಾಗ ಮಾಡಿದ್ದು. ಬಿಳಿಯರ ಭಾಗದಲ್ಲಿ ಅಗಲವಾದ ಶೌಚದ ಕೋಣೆ, ಸಾಮಾನು ಇಡಲು ಅಟ್ಟಣಿಗೆ. ಕರಿಯರ ಭಾಗದಲ್ಲಿ ಇಕ್ಕಟ್ಟು ಕೋಣೆ, ಅಟ್ಟಣಿಗೆಯಿಲ್ಲ. ಕೆಂಟಕಿಯಲ್ಲಿ ದುರಸ್ತಿ ಮಾಡಿ, ಲಾರಿಯ ಮೇಲೆ ವಾಷಿಂಗ್ಟನ್ನಿಗೆ ಒಯ್ದು, 2013ರ ನವೆಂಬರಿನಲ್ಲಿ ಕ್ರೇನಿನಿಂದ ಒಂದು ಗುಂಡಿಯೊಳಗೆ ಇಳಿಸಿದರು. ಕಟ್ಟಡ ಮುಗಿದ ಮೇಲೆ ಅಷ್ಟು ಉದ್ದದ ಬೋಗಿ ಬಾಗಿಲಲ್ಲಿ ತೂರುವುದಿಲ್ಲ. ಆದ್ದರಿಂದ ಬೋಗಿಯನ್ನು ಮೊದಲು ಇಟ್ಟು, ಆಮೇಲೆ ಅದರ ಸುತ್ತ ಮ್ಯೂಸಿಯಮ್ಮು ಕಟ್ಟಿದರು. ಆಫ್ರಿಕನ್ ಅಮೆರಿಕನ್ ಇತಿಹಾಸದ ಆ ಮ್ಯೂಸಿಯಮ್ಮು 2016ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಈಗ ಆ ಬೋಗಿಯನ್ನು ಹೊರಗೆ ತೆಗೆಯಬೇಕೆಂದರೆ ಗೋಡೆ ಒಡೆಯಬೇಕು.

ಎಂಜಿನ್ನುಗಳು ಹಾಗಲ್ಲ. ಜಾತ್ರೆ ಮುಗಿದ ಮೇಲೆ ಬಂದವು ಬಂದ ದಾರಿ ಹಿಡಿದವು. 501 ತನ್ನ ಶೆಡ್ಡಿನಲ್ಲೇ ಉಳಿಯಿತು. ಹಳೆಯ ಎಂಜಿನ್ನನ್ನು ಪ್ರೀತಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಎಣ್ಣೆ ಮೆತ್ತಿದ ಕೈಯಲ್ಲಿ ರಜಾ ದಿನಗಳನ್ನೆಲ್ಲ ಕಳೆದು ಅದನ್ನು ಉಳಿಸಿದವರು ಅವರು. ಅವರು ಉಳಿಸದೆ ಗುಜರಿಗೆ ಹೋಗಿದ್ದರೆ ನಾನು ಈ ಪ್ರಶ್ನೆ ಕೇಳುವುದಕ್ಕೂ ಒಂದು ವಸ್ತು ಇರುತ್ತಿರಲಿಲ್ಲ. ಕುದುರೆಬಲ ಎಷ್ಟು, ಕಟ್ಟಿದ ವರ್ಷ ಯಾವುದು, ಯಾವ ಗಾಡಿ ಎಳೆಯಿತು, ಎಲ್ಲ ಅವರ ಬಾಯಲ್ಲಿದೆ. ಫಲಕದಲ್ಲಿ ಇನ್ನೊಂದು ಸಾಲಿಗೆ ಜಾಗ ಇದ್ದೇ ಇರುತ್ತದೆ.

ಆ ಎಡಗಡೆಯ ಸೀಟಿನ ಕಥೆಯ ಕೊನೆ ಇದು. ಕರಿಯರನ್ನು ಇಳಿಸಿ ಹಿಡಿದುಕೊಂಡ ಆ ಮಡಿ ಕೆಲಸ ದಂಡದ್ದು ಅಂತ ಕಂಪನಿಗಳಿಗೆ ಅನ್ನಿಸತೊಡಗಿತು. ಬೆಂಕಿಯಿಲ್ಲದ ಎಂಜಿನ್ನಿಗೆ ಬೆಂಕಿಯವನು ಯಾಕೆ ಎಂದವು. 1963ರ ನವೆಂಬರಿನಲ್ಲಿ ಪಂಚಾಯ್ತಿ ಮಂಡಳಿಯೊಂದು ತೀರ್ಪು ಕೊಟ್ಟಿತು: ಗೂಡ್ಸು ಮತ್ತು ಯಾರ್ಡಿನ ಡೀಸೆಲ್ಲುಗಳಲ್ಲಿ ಬಹುಪಾಲು ಫೈರ್‌ಮನ್ನರು ಬೇಕಿಲ್ಲ. 1964ರಿಂದ ಅದು ಜಾರಿಗೆ ಬಂತು. ಆಮೇಲೆ ಎಷ್ಟೋ ಡೀಸೆಲ್ಲುಗಳಲ್ಲಿ ಆ ಎಡಗಡೆಯ ಸೀಟು ಖಾಲಿಯೇ ಓಡಿತು.